ಒಬ್ಬಳು ಕಡಿಮೆ

ಸೆಪ್ಟೆಂಬರ್ ಒಂದರ ಬೆಳಗ್ಗೆ
ಹಾಸ್ಟೆಲಿನ ಬಾಗಿಲ ಬಳಿ ಕೂತು ನಾನು ನೋಡುವುದು ಮುಖಗಳನ್ನಲ್ಲ,
ಕಾಲುಗಳನ್ನು.
ಪಟ್ಟಣದ ಹುಡುಗಿಯರು ಫೋನಿನಲ್ಲಿ ಮಾತಾಡುತ್ತಲೇ
ಸರಕ್ಕನೆ ಒಳಗೆ ಜಾರುತ್ತಾರೆ.
ಹುಲ್ಲುಗಾವಲಿನಿಂದ ಬಂದವರು ಒಂದು ಗಳಿಗೆ ನಿಂತು
ಬಲಗಾಲನ್ನು ಎತ್ತರಕ್ಕೆ ಎತ್ತಿ ಒಳಗಿಡುತ್ತಾರೆ,
ಎಲ್ಲಿ ಹೊಸ್ತಿಲು ತುಳಿದೇನೋ ಎಂದು.
ಇಲ್ಲಿ ಹೊಸ್ತಿಲೇ ಇಲ್ಲ.
ಸಿಮೆಂಟು ನೆಲ, ರಬ್ಬರ್ ಮ್ಯಾಟು,
ಅದರಡಿ ನನ್ನ ಮೂವತ್ತೊಂದು ವರ್ಷದ ದೂಳು.

ಅವಳೂ ಹಾಗೇ ಎತ್ತಿದಳು.
ಬೆನ್ನಿಗೆ ಹಾಸಿಗೆ ಸುರುಳಿ, ಕೈಯಲ್ಲೊಂದು ಹಿಟ್ಟಿನ ಚೀಲ,
ಚೀಲದ ತುಂಬ ಅರೂಲ್,
ಹಲ್ಲಿಗೆ ಸವಾಲು ಹಾಕುವ ಒಣ ಮೊಸರಿನ ಗಟ್ಟಿಗಳು.
ಮಿಚಿದ್‌ಮಾ, ಅಂದಳು. ದುಂದ್‌ಗೊಬಿಯವಳು.
ಕೃತ್ತಿಕೆಯ ಹೆಸರಿಟ್ಟಿದ್ದಾರಲ್ಲೇ ನಿನಗೆ, ಅಂದೆ.
ಹೌದು, ಮೋಡ ಕವಿದ ರಾತ್ರಿ ಹುಟ್ಟಿದೆನಂತೆ, ಅಂದಳು.
ನಗಲಿಲ್ಲ.
ಅವಳು ಕೊಟ್ಟ ನೋಟುಗಳಿಗೆ ಮೇಕೆಯ ವಾಸನೆ.
ಆ ವಸಂತದಲ್ಲಿ ಬಾಚಿ ತೆಗೆದ ಉಣ್ಣೆಯೆಲ್ಲ
ನನ್ನ ಮೇಜಿನ ಮೇಲೆ ಕಾಗದವಾಗಿ ಬಿದ್ದಿತ್ತು.

ಓದುವುದು? ಸಂಖ್ಯಾಶಾಸ್ತ್ರ.
ಖಾಯಂ ವಿಳಾಸ?
ಅಲ್ಲಿ ಪೆನ್ನು ನಿಂತಿತು.
"ಚಳಿಗಾಲದ್ದು ಬರೆಯಲೇ? ಅಲ್ಲಿ ಗಾಳಿ ಕಡಿಮೆ."
ಬರೆ, ಅಂದೆ.

ಮೂರು ರಾತ್ರಿ ಅವಳಿಗೆ ನಿದ್ದೆಯಿಲ್ಲ.
ಬಾಗಿಲು ಬಡಗಣಕ್ಕಿದೆಯಲ್ಲ, ಯಾರು ಹೀಗೆ ಕಟ್ಟಿದ್ದು, ಎಂದು ಕೇಳಿದಳು.
ರಷ್ಯನ್ನರು, ಅಂದೆ.
ಹಾಗೋ, ಅಂದಳು. ಅಷ್ಟಕ್ಕೆ ಬಿಟ್ಟಳು.
ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿತ್ತು.
ರಾತ್ರಿ ಎದ್ದೆದ್ದು ಹೋಗಿ ಅದರಡಿ ಲೋಟ ಇಡುತ್ತಿದ್ದಳು.
ಬೆಳಗಾದರೆ ತುಂಬಿದ ಲೋಟಗಳ ಸಾಲು,
ಯಾರೂ ಕುಡಿಯುವುದಿಲ್ಲ, ಚೆಲ್ಲಲಿಕ್ಕೂ ಯಾರಿಗೂ ಧೈರ್ಯವಿಲ್ಲ.

ಒಂಬತ್ತನೆಯ ರಾತ್ರಿ.
ಹನ್ನೊಂದಕ್ಕೆ ಬೀಗ ಹಾಕಿ ಚಹಾ ಬಗ್ಗಿಸಿಕೊಳ್ಳುತ್ತಿದ್ದೆ.
ಕಾಲುಚೀಲದಲ್ಲೇ ಮೆಟ್ಟಿಲಿಳಿದು ಬಂದಳು.
"ಒಬ್ಬಳು ಕಡಿಮೆ."
ಎಣಿಸಿದೆಯಾ?
"ಎಣಿಸುವುದೇನು. ಕಡಿಮೆ ಅನ್ನಿಸಿತು."

ನೂರಾ ಹನ್ನೆರಡು ಹುಡುಗಿಯರು, ನಾಲ್ಕು ಮಹಡಿ.
ಬೈಯಲೆಂದು ಬಾಯಿ ತೆರೆದವಳು ಟಾರ್ಚು ಎತ್ತಿಕೊಂಡೆ.
ನಮ್ಮಪ್ಪನೂ ಹಾಗೆಯೇ,
ಮುನ್ನೂರು ಕುರಿಗಳತ್ತ ಒಮ್ಮೆ ಕಣ್ಣು ಹಾಯಿಸಿ
ಮಾತಿಲ್ಲದೆ ಕುದುರೆ ಹತ್ತಿಬಿಡುತ್ತಿದ್ದ.

ಸಿಕ್ಕಳು.
ತಾರಸಿಗೆ ಹೋಗುವ ಮೆಟ್ಟಿಲ ಕೊನೆಯಲ್ಲಿ,
ಬೀಗ ಜಡಿದ ಕಬ್ಬಿಣದ ಬಾಗಿಲಿಗೆ ಬೆನ್ನು ಕೊಟ್ಟು
ತ್ಸೆಲ್ಮೆಗ್, ದರ್ಖಾನಿನ ಡಾಕ್ಟರರ ಮಗಳು,
ಇಡೀ ಹಾಸ್ಟೆಲಿನಲ್ಲೇ ಒಳ್ಳೆಯ ಕೋಟು ಅವಳದು,
ಅದರ ತೋಳಿನೊಳಗೆ ಮುಖ.
ಯಾಕೆಂದು ನಾನು ಕೇಳಲಿಲ್ಲ.
ಸೆಪ್ಟೆಂಬರಿನಲ್ಲಿ ಯಾಕೆಂದು ಕೇಳಬಾರದು.
ಮಿಚಿದ್‌ಮಾ ಪಕ್ಕದಲ್ಲಿ ಕೂತು
ಜೇಬಿನಿಂದ ಒಂದು ಅರೂಲ್ ತೆಗೆದುಕೊಟ್ಟಳು.
ಅದು ಬಾಯಲ್ಲಿದ್ದರೆ ಅಳಲಾಗುವುದಿಲ್ಲ,
ದವಡೆಗೆ ಬೇರೆ ಕೆಲಸ.

ನವೆಂಬರ್ ಬಂತು.
ಕಲ್ಲಿದ್ದಲ ಹೊಗೆಗೆ ಕಿಟಕಿಯಾಚೆ ಉಲಾನ್‌ಬಾತರೇ ಇಲ್ಲ.
ನಲ್ಲಿ ರಿಪೇರಿಯಾಗಿದೆ.
ಮೊದಲ ಪರೀಕ್ಷೆಯಲ್ಲಿ ಮಿಚಿದ್‌ಮಾ ತರಗತಿಗೇ ಮೊದಲು.
ಈಗ ಫೋನು ನೋಡುತ್ತಲೇ ಬರುತ್ತಾಳೆ,
ಮ್ಯಾಟಿಗೆ ಬೂಟು ಉಜ್ಜುತ್ತಾಳೆ,
ಸರಕ್ಕನೆ ಒಳಗೆ.

ನಿನ್ನೆ ಬೀಗ ಹಾಕುವ ಹೊತ್ತಿಗೆ ತಮಾಷೆಗೆಂದು ಕೇಳಿದೆ:
ಎಲ್ಲ ಇದ್ದಾರೇನೇ ಇವತ್ತು?
ಅವಳು ಹಾಜರಿ ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡಳು,
ಸಹಿಗಳ ಮೇಲೆ ಬೆರಳಿಟ್ಟು
ತುಟಿ ಅಲುಗಿಸುತ್ತ ಒಂದೊಂದೇ ಎಣಿಸಿದಳು.
"ನೂರಾ ಹನ್ನೆರಡು. ಸರಿಯಿದೆ."

ಸರಿಯಿದೆ, ಅಂದೆ. ಬೀಗ ಹಾಕಿದೆ.
ಹಾಕಿ, ಕೀಲಿಗೊಂಚಲು ಹಿಡಿದು
ಬಹಳ ಹೊತ್ತು ಅಲ್ಲೇ ನಿಂತಿದ್ದೆ,
ಟಾರ್ಚು ಎತ್ತಿಕೊಳ್ಳಲೋ ಬೇಡವೋ ಎಂದು.