ಎನೆಬಿಶ್ ಎಂದರೆ

ಉಲಾನ್‌ಬಾತರಿನ ಬಡಗಣ ಗುಡ್ಡ, ಏಳನೆಯ ತರಗತಿ.
ಹೊರಗೆ ಚಳಿ, ಸೊನ್ನೆಯಿಂದ ಮೂವತ್ತು ಮೆಟ್ಟಿಲು ಕೆಳಗೆ.
ಹಾಜರಿ ಕೂಗುತ್ತೇನೆ:
ಸೊಲೊಂಗೊ. ಇದ್ದೇನೆ.
ದವಾಖೂ. ಇದ್ದೇನೆ.
ಎನೆಬಿಶ್.
ಬೆಂಚಿನ ತುದಿ ಖಾಲಿ.

ಎನೆಬಿಶ್ ಎಂದರೆ ನಮ್ಮ ಮಾತಿನಲ್ಲಿ 'ಇವನಲ್ಲ'.
ಎರಡು ಕೂಸು ಮಣ್ಣಿಗಿಟ್ಟ ತಾಯಿ
ಸಾವಿನ ದಾರಿ ತಪ್ಪಿಸಲು ಇಟ್ಟ ಹೆಸರು:
ನೀನು ಹುಡುಕುವವನು ಇವನಲ್ಲ, ಮುಂದೆ ಹೋಗು.
ಸಾವು ಮುಂದೆ ಹೋಯಿತು.
ನಾನು ಹೋಗಲಿಲ್ಲ.
ಕೆಂಪು ಶಾಯಿಯಲ್ಲಿ 'ತಡ' ಎಂದು ಬರೆದೆ,
ನವೆಂಬರಿನಿಂದ ನಲವತ್ತೊಂದು ಸಲ.

ಬರುವುದು ಎರಡನೆಯ ಪಾಠದ ನಡುವೆ.
ಅವನಿಗಿಂತ ಮೊದಲು ಅವನ ಕೋಟು ಬರುತ್ತದೆ,
ಕಲ್ಲಿದ್ದಲ ಹೊಗೆ ಕುಡಿದು ಕುಡಿದು ಗಡುಸಾದದ್ದು.
ಮುಂದಿನ ಬೆಂಚು ಮೂಗು ಮುಚ್ಚುತ್ತದೆ.
ನಾನು ಕಿಟಕಿಯ ಕಡೆ ನೋಡುತ್ತೇನೆ,
ಅಲ್ಲೇನೋ ಇದೆ ಎಂಬಂತೆ.

ನೋಟ್‌ಬುಕ್ಕು ವಾರವಾರಕ್ಕೂ ಸೊರಗುತ್ತಿತ್ತು.
ತೊಂಬತ್ತಾರು ಹಾಳೆ ಇದ್ದದ್ದು ಅರವತ್ತು, ಆಮೇಲೆ ಮೂವತ್ತು.
ಹಾಳೆ ಹರಿದವರಿಗೆ ಸೊನ್ನೆ. ನಿಯಮ ನನ್ನದೇ,
ಗೋಡೆಗೆ ಅಂಟಿಸಿದವಳೂ ನಾನೇ.
ಕೊಟ್ಟೆ. ದುಂಡಗೆ, ಅಂದವಾಗಿ.

ಒಮ್ಮೆ ಕೈಗವಸು ತಂದೆ, ಒಂಟೆಯ ಉಣ್ಣೆಯದು.
ಎಲ್ಲರೆದುರು ಹೆಸರು ಹಿಡಿದು ಕರೆದು ಕೊಟ್ಟೆ.
ಎರಡೂ ಕೈ ಚಾಚಿ ತೆಗೆದುಕೊಂಡ.
ಮರುದಿನ ನನ್ನ ಮೇಜಿನ ಮೇಲಿತ್ತು, ಮಡಚಿ ಇಟ್ಟದ್ದು,
ಬೆರಳೇ ತೂರದ್ದು.
ಕೊಬ್ಬು ಅಂದುಕೊಂಡೆ.
ಹೌದು, ಹಾಗೇ ಅಂದುಕೊಂಡೆ,
ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು.

ಒಂದು ಶನಿವಾರ ಮನೆ ಹುಡುಕಿ ಹೊರಟದ್ದು ಬೈಯುವುದಕ್ಕೇ.
ಏರಿನಲ್ಲಿ ಸಿಕ್ಕ: ಕೈಗಾಡಿ, ಎರಡು ನೀಲಿ ಕ್ಯಾನು,
ಮುಚ್ಚಳದ ಸುತ್ತ ಹೆಪ್ಪುಗಟ್ಟಿದ ನೀರು.
ನೀರಿನ ಗೂಡಂಗಡಿ ತೆರೆಯುವುದು ಒಂಬತ್ತಕ್ಕೆ.
ನನ್ನ ಗಂಟೆ ಹೊಡೆಯುವುದು ಎಂಟಕ್ಕೆ.
ಆ ಒಂದು ತಾಸನ್ನು ನಾವಿಬ್ಬರೂ
ಗಾಡಿಯ ಹಿಂದೆ ನಿಂತು ಮಾತಿಲ್ಲದೆ ತಳ್ಳಿದೆವು.

'ನಾಯಿ ಹಿಡಿಯಿರಿ' ಎಂದು ವಾಡಿಕೆಯಂತೆ ಕೂಗಿದೆ.
ನಾಯಿ ಇರಲಿಲ್ಲ.
ರಾತ್ರಿಪಾಳಿಯ ತಾಯಿ ಗುಡಾರದೊಳಗೆ ದಡಬಡಿಸಿ ಎದ್ದಳು,
ತಣ್ಣಗಿನ ಒಲೆಗೆ ನಾಚಿದಳು.
ಹುಡುಗ ನೋಟ್‌ಬುಕ್ಕು ತೆಗೆದ. ನನ್ನತ್ತ ನೋಡಿದ. ತಡೆದ.
ಆಮೇಲೆ ಒಂದು ಹಾಳೆ. ಹರಿಯುವ ಮುನ್ನ ತುಟಿ ಅಲುಗಿತು.

'ಬರೆದದ್ದನ್ನಷ್ಟೇ, ಟೀಚರ್. ಖಾಲಿ ಹಾಳೆ ಮುಟ್ಟಲ್ಲ.
ಬಾಯಿಗೆ ಬಂದಮೇಲೇ ಒಲೆಗೆ.'

ನದಿಗಳು? ಕೇಳಿದೆ.
ಸೆಲೆಂಗೆ, ಓರ್ಖೋನ್, ತೂಲ್, ಕೆರ್ಲೆನ್,
ಒಂದನ್ನೂ ಬತ್ತಿಸದೆ ಹೇಳಿದ.
ಬೆಂಕಿ ಅಂಚು ಹಿಡಿಯಿತು.
ನನ್ನ ಸೊನ್ನೆ ಒಂದು ಗಳಿಗೆ ಬಂಗಾರದ ಬಳೆಯಾಗಿ
ಹೊಗೆಕೊಳವೆ ಹತ್ತಿ ಹೋಯಿತು.
ಆ ಶಾಖಕ್ಕೇ ನಾನು ಬೆರಳು ಕಾಯಿಸಿಕೊಂಡೆ.
ಚಹಾ ಬಂತು. ಉಪ್ಪಿತ್ತು, ಹಾಲಿನ ನೆರಳಿತ್ತು.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ.
ಹಾಜರಿ ಈಗ ಮೂರನೆಯ ಪಾಠಕ್ಕೆ.
ಮುಖ್ಯೋಪಾಧ್ಯಾಯರಿಗೆ ಹೇಳಿದೆ;
ಒಪ್ಪಿದರೋ, ಕೇಳಿಸಲಿಲ್ಲವೋ.
ಕೋಟುಗಳೆಲ್ಲ ಪಡಸಾಲೆಯ ಗೂಟಕ್ಕೆ, ನನ್ನದೂ ಜೊತೆಗೆ.
ಸಂಜೆ ಅದೇ ವಾಸನೆ ನನ್ನೊಡನೆ ಬಸ್ಸು ಹತ್ತುತ್ತದೆ,
ಯಾರೋ ಸರಿದು ಕೂರುತ್ತಾರೆ.
ಗೋಡೆಯ ನಿಯಮ ಕಿತ್ತೆ, ಅಂಟು ಉಳಿದಿದೆ.
ಬಾಗಿಲ ಬಳಿ ಹಳೆಯ ಉತ್ತರಪತ್ರಿಕೆಗಳ ರಟ್ಟಿನ ಪೆಟ್ಟಿಗೆ,
ಯಾಕೆಂದು ಬರೆದಿಲ್ಲ. ಬೇಕಾದವರು ಒಯ್ಯುತ್ತಾರೆ.
ಅದರ ಪಕ್ಕ ಆ ಕೈಗವಸು ಎರಡು ವಾರ ಇತ್ತು,
ಒಂದು ದಿನ ಇರಲಿಲ್ಲ.
ಕೈಗಳನ್ನು ಹುಡುಕದೆ ಪಾಠ ಮಾಡುವುದನ್ನು
ಕಲಿಯುತ್ತಿದ್ದೇನೆ.

ಮೊನ್ನೆ ಮತ್ತೆ ಎಡವಿದೆ.
'ನಾಳೆ ಎಲ್ಲರೂ ಬಣ್ಣದ ಕಾಗದ ತನ್ನಿ'
ಎಂದುಬಿಟ್ಟೆ, ಕಪ್ಪುಹಲಗೆಗೆ ಮುಖ ಮಾಡಿ.
ತಿರುಗಿದಾಗ ನಾಲ್ಕು ತಲೆ ತಗ್ಗಿದ್ದವು.
ನಾಲ್ಕು.
ಇಷ್ಟು ದಿನ ನಾನು ಒಂದನ್ನೇ ಎಣಿಸುತ್ತಿದ್ದೆ.

ಎನೆಬಿಶ್ ಎಂದರೆ ಇವನಲ್ಲ.
ಇವನೊಬ್ಬನೇ ಅಲ್ಲ.