ಮೂರು ಸ್ನಾನದ ಬಾಕಿ

ಹಾಕೊದಾತೆ ಬಂದರಿನ ಹಿಂದಣ ಬೀದಿಯಲ್ಲಿ
ನನ್ನದೊಂದು ಬಿಸಿನೀರಿನ ಸ್ನಾನದ ಮನೆ.
ಗಂಡಸರಿಗೆ ಎಡ, ಹೆಂಗಸರಿಗೆ ಬಲ,
ನಡುವೆ ಎತ್ತರದ ಗಲ್ಲಾದ ಮೇಲೆ ನಾನು,
ಅರವತ್ತೊಂಬತ್ತರ ತೊಮೊಎ,
ಎರಡೂ ಕಡೆಯ ಹರಟೆಗೆ ಒಂದೊಂದು ಕಿವಿ.

ಚಪ್ಪಲಿ ಗೂಡಿನ ಪಕ್ಕ, ಹಾಲಿನ ಫ್ರಿಜ್ಜಿಗೆ ಒರಗಿ
ಆ ಆಟದ ಪೆಟ್ಟಿಗೆ.
ಒಂದು ಕೋಲು, ಒಂದು ಗುಂಡಿ.
ಗುಂಡಿಯ ಕೆಂಪು ಸವೆದು ಸವೆದು
ಒಳಗಿನ ಬಿಳಿ ಕಾಣುತ್ತದೆ, ಹಾಲುಹಲ್ಲಿನ ಹಾಗೆ.
ತೆರೆಯ ತಳದಲ್ಲಿ ಪುಟ್ಟ ತ್ರಿಕೋನದ ದೋಣಿ,
ಮೇಲಿಂದ ಸಾಲುಸಾಲಾಗಿ ಇಳಿಯುವ ಹುಳುಗಳು.
ಕಥೆ ಅಷ್ಟೇ. ಯಾಕೆ ಇಳಿಯುತ್ತವೆ ಅಂತ
ಯಾರೂ ಕೇಳಿಲ್ಲ, ಅವೂ ಹೇಳಿಲ್ಲ.

ಎಲ್ಲಕ್ಕಿಂತ ಮೇಲೊಂದು ಸಂಖ್ಯೆ: ೪೮,೩೭೦.
ಪಕ್ಕದಲ್ಲಿ ಮೂರು ಅಕ್ಷರ: ಕೆ ಜಿ ಓ.

ಅವನನ್ನು ಬಲ್ಲೆ ಎಂದರೆ ದೊಡ್ಡ ಮಾತಾದೀತು.
ಬೊಂಡಾಸ್ ಹಿಡಿಯುವ ದೋಣಿಯ ಹುಡುಗ,
ಬೆರಳಿಗೆಲ್ಲ ಮಸಿ.
ಒಂದು ಚಳಿಗಾಲ ಬಂದ, ಗೆದ್ದ,
ಮೂರು ಸ್ನಾನದ ದುಡ್ಡು ನಾಳೆ ಎಂದ.
ಆ ನಾಳೆಗೀಗ ಮೂವತ್ತೆಂಟು ವರ್ಷ.

ಕರೆಂಟು ಇರುವ ತನಕ ಈ ಪೆಟ್ಟಿಗೆಗೆ ನೆನಪು,
ಸ್ವಿಚ್ಚು ಆರಿಸಿದರೆ ಎಲ್ಲ ಸೊನ್ನೆ.
ಆರಿಸಿಲ್ಲ ನಾನು. ಅಪ್ಪ ಸತ್ತ ದಿನವೂ.
ಹಿಂದೊಂದು ಲಾರಿಯ ಬ್ಯಾಟರಿ ಕಟ್ಟಿಸಿಟ್ಟಿದ್ದೇನೆ;
ಭೂಕಂಪದ ರಾತ್ರಿ ಊರಿಗೂರೇ ಕತ್ತಲಾದಾಗ
ಈ ಬೀದಿಯಲ್ಲಿ ಬೆಳಗಿದ್ದು ಹುಳುಗಳು ಮಾತ್ರ.
ಬಾಕಿದಾರನ ಗುರುತು ಅಳಿಸಬಾರದು,
ವ್ಯಾಪಾರ ಅಂದಮೇಲೆ.

ಕೊನಾತ್ಸುವಿಗೆ ಹನ್ನೊಂದು. ಒದ್ದೆ ಕೂದಲು,
ಮುಷ್ಟಿಯಲ್ಲಿ ಬೆಚ್ಚಗಾದ ಹತ್ತು ಯೆನ್ನಿನ ನಾಣ್ಯಗಳು.
ಮನೆಯಲ್ಲಿ ಗೋಡೆಯಗಲದ ತೆರೆ, ಜೇಬಲ್ಲಿ ಫೋನು.
ಇದರಲ್ಲೇನಿದೆಯೇ ಹುಡುಗಿ, ಕೇಳಿದೆ.
ಹಾಲಿನ ಮೀಸೆ ಒರೆಸದೆ ಅಂದಳು:

"ಫೋನಿನ ಆಟಕ್ಕೆ ನಾನು ಬೇಕು ಅಜ್ಜಿ.
ಎರಡು ದಿನ ಹೋಗದಿದ್ರೆ ಕರೆಯುತ್ತೆ, ಉಡುಗೊರೆ ಕೊಡುತ್ತೆ,
ಸತ್ತರೆ, ದುಡ್ಡು ಕೊಡು ಬದುಕಿಸ್ತೀನಿ ಅನ್ನುತ್ತೆ.
ಇದಕ್ಕೆ ನಾನು ಇದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ.
ಸತ್ತರೆ, ನನ್ನ ತಪ್ಪಿಗೇ ಸತ್ತೆ."

ಇಡೀ ಚಳಿಗಾಲ ಸತ್ತಳು.
ಬೆನ್ನ ಹಿಂದೆ ಗೆಂತಾ, ಅವನ ತಮ್ಮ,
ಎಡಕ್ಕೆ! ಎಡಕ್ಕೆ! ಎಂದು ಕೂಗಿ ಕೂಗಿ
ತಾವೇ ಎಡಕ್ಕೆ ವಾಲಿ ಫ್ರಿಜ್ಜಿಗೆ ಬಡಿದುಕೊಂಡರು.
ಬಾಗಿಲಾಚೆ ಹಿಮ. ಒಳಗೆ ಅಮ್ಮಂದಿರು ಕರೆದೂ ಕರೆದೂ
ಸೋತು ಇನ್ನೊಮ್ಮೆ ನೀರಿಗಿಳಿದರು.

ಮಾರ್ಚ್ ಮೊದಲ ವಾರ, ಯಾರೂ ಕೂಗಲಿಲ್ಲ.
ಗುಂಡಿಯ ಟಕಟಕ ನಿಂತಾಗ ಇಣುಕಿದೆ:
೪೮,೯೧೦.
ಪೆಟ್ಟಿಗೆ ಹೆಸರು ಕೇಳಿತು, ಅವಳು ಒತ್ತಿದಳು.
ಕೆ ಜಿ ಓ ಒಂದು ಸಾಲು ಕೆಳಗೆ ಸರಿದ,
ತೊಟ್ಟಿಗೆ ಹೊಸಬರು ಇಳಿದಾಗ
ಕಣ್ಣು ತೆರೆಯದೆ ಜಾಗ ಬಿಡುವವರ ಹಾಗೆ.

"ಇವತ್ತು ರಾತ್ರಿ ಇದನ್ನ ಆರಿಸಿಬಿಡಿ ಅಜ್ಜಿ."
ಅಯ್ಯೋ, ನಿನ್ನ ಹೆಸರು?
"ಮೊದಲನೇ ದಿನ ಹೇಗಿತ್ತೋ, ನೋಡಿಲ್ಲವಲ್ಲ ನಾನು.
ಸೊನ್ನೆಯಿಂದ ನೋಡಬೇಕು."

ಹನ್ನೊಂದಕ್ಕೆ ಒಲೆ ಆರಿಸಿ, ಮೊಣಕಾಲೂರಿ
ಪೆಟ್ಟಿಗೆಯ ಹಿಂದೆ ಕೈ ಹಾಕಿದೆ.
ಬೆಕ್ಕಿನ ಬೆನ್ನಿನಷ್ಟು ಮೆತ್ತನೆ ಧೂಳು.
ಬ್ಯಾಟರಿಯ ತಂತಿ ಕಳಚಿದೆ. ಒತ್ತಿದೆ.
ಹುಳುಗಳೆಲ್ಲ ಒಂದು ಚುಕ್ಕೆಯಾದವು,
ಚುಕ್ಕೆ ಸ್ವಲ್ಪ ಹೊತ್ತು ಯೋಚಿಸಿತು, ಹೋಯಿತು.
ಫ್ರಿಜ್ಜು ಗುನುಗುವುದು ಕೇಳಿಸಿತು,
ಇಷ್ಟು ವರ್ಷ ಗುನುಗಿತ್ತೋ ಏನೋ.

ಗಲ್ಲಾದ ಕೆಳಗಿನ ಹಳೆಯ ಲೆಕ್ಕದ ಪುಸ್ತಕ ತೆಗೆದೆ.
ಕೆ ಜಿ ಓ, ಮೂರು ಸ್ನಾನ.
ಹೊಡೆದುಹಾಕಲಿಲ್ಲ.
ಪೆಟ್ಟಿಗೆ ಮರೆಯಲಿ, ಅದರ ಸ್ವಭಾವ.
ಕೆಳಗಿನ ಸಾಲಿನಲ್ಲಿ ಬರೆದುಕೊಂಡೆ:
ಕೊನಾತ್ಸು, ಹಾಲು ಒಂದು ಬಾಟಲಿ,
ನಾಳೆ ಕೊಡುತ್ತಾಳಂತೆ.