ಎಡಗಾಲು

ಇವರ ಎಡಗಾಲಿನ ಮೀನಖಂಡದಲ್ಲಿ ಕೂದಲಿಲ್ಲ.
ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಬಾನೆಟ್ಟು
ಪಕ್ಕದಲ್ಲೇ ಕೂತು ಸವರಿ ಸವರಿ
ಹಳೇ ಕಾವಲಿಯ ಬಣ್ಣಕ್ಕೆ ತಂದಿದೆ.
ಬಲಗಾಲು ಮದುವೆ ದಿನ ಇದ್ದ ಹಾಗೇ ಇದೆ.

ರಿಟೈರ್ ಆದಾಗ ಬಂದ ದುಡ್ಡಿಗೆ
ಎಲ್ಲರೂ ಸೈಟು ಅಂದರು.
ಇವರು ನಾಯಂಡಹಳ್ಳಿಯ ಗುಜರಿಯಿಂದ
ಹಳೇ ಮಜ್ದಾ ವ್ಯಾನೊಂದನ್ನು ತಂದು
ಕಾಮಾಕ್ಷಿಪಾಳ್ಯದ ನಮ್ಮ ಬೀದಿಯಲ್ಲಿ ನಿಲ್ಲಿಸಿ
'ಇನ್ನು ಇದೇ ಮನೆ, ಹತ್ತು' ಅಂದರು.
ಹಿಂದುಗಡೆ ಮಂಚ, ಸಿಂಕು, ಎರಡು ಉರಿಯ ಒಲೆ,
ಅದೆಲ್ಲ ಒಂದು ತಿಂಗಳಲ್ಲಿ ಮುಗಿಯಿತು.
ಮುಗಿಯದ್ದು ಮುಂದಿನ ಕ್ಯಾಬಿನ್ನು.

ಮೂರು ಕಡೆ ಗಾಜು, ಕೆಳಗೆ ಎಂಜಿನ್ನು,
ಮೇಲೆ ಬರೀ ತಗಡು.
ಏಪ್ರಿಲ್ ಮಧ್ಯಾಹ್ನ ಸ್ಟೇರಿಂಗು ಮುಟ್ಟಿದರೆ
ಹೋಳಿಗೆ ಮಗುಚಿದ ಬೆರಳಿನ ಹಾಗೆ
ಕೈ ತಾನಾಗೇ ಬಾಯಿಗೆ ಹೋಗುತ್ತೆ.
ಡಿಸೆಂಬರ್ ಬೆಳಗ್ಗೆ ಗೇರಿನ ತೂತಿನಿಂದ
ಗಾಳಿ ಹತ್ತಿ ಬರುತ್ತೆ ಪಂಚೆಯೊಳಕ್ಕೆ,
ಟಿಕೆಟ್ ತಗೊಳ್ಳದೆ.

ಜೆ.ಸಿ. ರೋಡಿನ ಅನ್ಸರ್ ಪಾಷಾ ಬಂದ,
ಬಾಗಿಲು ತಟ್ಟಿದ, ಕಿವಿಗೊಟ್ಟ,
ಹಲಸಿನಹಣ್ಣು ಕೊಳ್ಳುವವನ ಹಾಗೆ.
'ಒಳಗೆ ಟೊಳ್ಳು.
ಅದಕ್ಕೇ ಕಾಯುತ್ತೆ, ಅದಕ್ಕೇ ಕೊರೆಯುತ್ತೆ.
ಟೊಳ್ಳು ತುಂಬಬೇಕಮ್ಮ.'
ನನ್ನ ಜಾತಕ ನೋಡಿದವರೂ ಒಮ್ಮೆ ಹೀಗೇ ಹೇಳಿದ್ದರು.

ತುಂಬಿದೆವು.
ಬಾಗಿಲೊಳಗೆ ತೆಂಗಿನ ನಾರು,
ಸೂರಿಗೆ ಬೆಳ್ಳಿಬಣ್ಣದ ಗುಳ್ಳೆಹಾಳೆ,
ಗೇರಿನ ಬುಡಕ್ಕೆ ಕಂಬಳಿ ತುಂಡು ತುರುಕಿ
ಮೇಲೊಂದು ರೆಕ್ಸಿನ್ ಲಂಗ.
ಬಾನೆಟ್ಟಿಗಂತೂ ಎರಡು ಪದರ ಫೆಲ್ಟು.

ಗಾಜಿಗೆ ಪರದೆ ಹೊಲಿಯುವುದು ನನ್ನ ಪಾಲಿಗೆ ಬಂತು.
ಒಂದು ಮೈ ಬೆಳ್ಳಿ ಹಾಳೆ, ಇನ್ನೊಂದು ಮೈ ಇವರ ಖಾಕಿ.
ಆರು ಜೊತೆ ಬಿಚ್ಚಿದೆ.
ಒಂದರ ಜೇಬಲ್ಲಿ ಲವಂಗ ಸಿಕ್ಕಿತು,
ಯಾವುದೋ ವರ್ಷದ ಕೆಮ್ಮಿಗೆಂದು ನಾನೇ ಇಟ್ಟದ್ದು.
ತಿಂದೇ ಇರಲಿಲ್ಲ, ಮಹಾರಾಯರು.

ಬಿಸಿಲಿಗೆ ಪರದೆಯನ್ನು ಗಾಜಿನ ಹೊರಗೆ ಕಟ್ಟಬೇಕು,
ಚಳಿಗೆ ಒಳಗೆ.
ಇಷ್ಟು ಕಲಿಯಲು ಒಂದು ಬೇಸಿಗೆ ಹೋಯಿತು.
ಗಾಜು ದಾಟಿದ ಬಿಸಿಲನ್ನು ಆಮೇಲೆ ತಡೆದು ಏನು ಬಂತು?
ಅದಾಗಲೇ ಚಪ್ಪಲಿ ಬಿಟ್ಟು ಕೂತಿರುತ್ತೆ.
ರಾತ್ರಿ ಕಿಟಕಿ ಒಂದು ಬೆರಳು ತೆರೆದಿಡಬೇಕು,
ಇಲ್ಲದಿದ್ದರೆ ನಮ್ಮಿಬ್ಬರ ಉಸಿರೇ
ಬೆಳಗಿನ ಹೊತ್ತಿಗೆ ನೀರಾಗಿ ಗಾಜಿನಿಂದ ಇಳಿದು
ಮಾರಮ್ಮನ ಫೋಟೋದ ಕುಂಕುಮ ಕರಗಿಸುತ್ತೆ.
'ಹೊಂಗೆ ನೆರಳಲ್ಲಿ ನಿಲ್ಲಿಸಿದ್ದರೆ ಸಾಕಿತ್ತು' ಅಂದಳು
ಎದುರುಮನೆ ಸೆಲ್ವಿ.
ಬೀದಿಯ ಕೊನೇ ಹೊಂಗೆಯನ್ನು
ಚರಂಡಿ ಕೆಲಸದವರು ಕಡಿದು ಎರಡು ವರ್ಷ.

ಜನವರಿ. ಮನೆಯಾಚೆ ಮೊದಲ ರಾತ್ರಿ,
ಹೆಸರಘಟ್ಟದ ಹುಲ್ಲುಗಾವಲಿನ ಅಂಚಲ್ಲಿ.
ಹೊರಗೆ ಹಲ್ಲು ಕಡಿಯುವ ಚಳಿ.
ಕ್ಯಾಬಿನ್ನು ಬಾಣಂತಿ ಕೋಣೆಯಷ್ಟು ಬೆಚ್ಚಗೆ.
ನಡುರಾತ್ರಿ ಎಚ್ಚರಾದರೆ ಪಕ್ಕದಲ್ಲಿ ಇವರಿಲ್ಲ.
ಡ್ರೈವರ್ ಸೀಟಲ್ಲಿ ಕೂತಿದ್ದಾರೆ, ಎಂಜಿನ್ ಸ್ಟಾರ್ಟ್ ಮಾಡಿಕೊಂಡು,
ಎಲ್ಲಿಗೂ ಹೋಗಲು ಅಲ್ಲ.
'ಎಡಗಾಲು ತಣ್ಣಗಿದೆ ಕಣೆ' ಅಂದರು,
ಸಕ್ಕರೆ ಡಬ್ಬಿಯಲ್ಲಿ ಕೈ ಸಿಕ್ಕಿಬಿದ್ದ ಹುಡುಗನ ಹಾಗೆ.
'ಬಲಗಾಲಿಗೆ ಏನೂ ಆಗಿಲ್ಲ.'

ಬಯ್ಯಬೇಕು ಅಂತಲೇ ಎದ್ದಿದ್ದೆ.
ಟಾರ್ಚು ಹಿಡಿದು, ಕತ್ತರಿ ಹುಡುಕಿ,
ಬಾನೆಟ್ಟಿನ ಇವರ ಕಡೆಯ ಅಂಚಿನಲ್ಲಿ
ಎರಡು ಸಾವಿರದ ಇನ್ನೂರು ರೂಪಾಯಿಯ ಫೆಲ್ಟನ್ನು
ಒಂದು ಅಂಗೈಯಗಲ ಕತ್ತರಿಸಿ ತೆಗೆದೆ.
ಬರೀ ಕಬ್ಬಿಣ.
ಇವರು ಕಾಲು ಒತ್ತಿ ಕೂತರು.
ಸ್ವಲ್ಪ ಹೊತ್ತಿಗೆ ಗೊರಕೆ.

ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ.
ಕಬ್ಬಿಣ ಟಿಕ್ ಟಿಕ್ ಅಂತ ಆರುತ್ತಿತ್ತು.
ಅಲ್ಲೇ, ಕಾಲಿನ ಪಕ್ಕ ಉಳಿದ ಎರಡು ಬೆರಳು ಜಾಗದಲ್ಲಿ,
ನಾನೂ ಕೈಯಿಟ್ಟು ನೋಡಿದೆ.

ಅನ್ಸರ್ ಪಾಷಾ ಕೇಳಿದರೆ
ಇಲಿ ಕಡಿಯಿತು ಅನ್ನಬೇಕು.